ಇಬ್ಬರಿಗೂ ಒಂದೇ ವರ್ಷವೇ?

‘ಈಗಿನ ಹುಡುಗರಿಗೆ ಶಿಸ್ತಿಲ್ಲ, ಒಂದು ವರ್ಷ ಮಿಲಿಟರಿಗೋ ಸಮಾಜ ಸೇವೆಗೋ ಹಾಕಿದರೆ ಬುದ್ಧಿ ಬರುತ್ತೆ’ ಎಂಬ ಮಾತನ್ನು ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನಲ್ಲೂ ಕೇಳಿದ್ದೇನೆ, ಪೀಣ್ಯದ ಟೀ ಅಂಗಡಿಯಲ್ಲೂ ಕೇಳಿದ್ದೇನೆ. ಹೇಳುವವರು ಸಾಮಾನ್ಯವಾಗಿ ಐವತ್ತು ದಾಟಿದವರು. ಹೋಗಬೇಕಾದವರು ಅವರಲ್ಲ.

ಕಾನೂನು ಇದಕ್ಕೆ ಅಡ್ಡ ಬರುವುದಿಲ್ಲ. ಬಿಟ್ಟಿ ಚಾಕರಿಯನ್ನು ನಿಷೇಧಿಸುವ ಸಂವಿಧಾನದ 23ನೇ ವಿಧಿಯೇ, ಸಾರ್ವಜನಿಕ ಉದ್ದೇಶಕ್ಕೆ ಸರ್ಕಾರ ಕಡ್ಡಾಯ ಸೇವೆ ವಿಧಿಸಬಹುದು ಎನ್ನುತ್ತದೆ. ಧರ್ಮ, ಜನಾಂಗ, ಜಾತಿ, ವರ್ಗ ನೋಡಿ ಭೇದ ಮಾಡಕೂಡದು, ಅಷ್ಟೆ. ನನ್ನ ತಕರಾರು ಶುರುವಾಗುವುದು ‘ವರ್ಗ’ ಎಂಬ ಆ ಕೊನೆಯ ಪದದಿಂದ.

ಎಲೆಕ್ಟ್ರಾನಿಕ್ ಸಿಟಿಯ ಎಂಜಿನಿಯರ್‌ಗೆ ಒಂದು ವರ್ಷವೆಂದರೆ ತಡವಾಗಿ ಬರುವ ಇನ್‌ಕ್ರಿಮೆಂಟ್. ಆಮೇಲೆ ರೆಸ್ಯೂಮೆಯಲ್ಲಿ ಅದೇ ಒಂದು ಒಳ್ಳೆಯ ಸಾಲೂ ಆದೀತು. ಪೀಣ್ಯದಲ್ಲಿ ಲೇತ್ ಮುಂದೆ ನಿಂತ ಐಟಿಐ ಹುಡುಗನಿಗೆ ಅದು ತಂಗಿಯ ಫೀಸು, ರೂಮಿನ ಬಾಡಿಗೆ, ಊರಲ್ಲಿ ಅಪ್ಪ ಮಾಡಿದ ಸಾಲದ ಹನ್ನೆರಡು ಕಂತು. ಅವನು ವಾಪಸ್ ಬರುವಷ್ಟರಲ್ಲಿ ಕಾಂಟ್ರ್ಯಾಕ್ಟರು ಆ ಜಾಗಕ್ಕೆ ಇನ್ನೊಬ್ಬನನ್ನು ತಂದಿರುತ್ತಾನೆ. ಕಾನೂನಿನ ಲೆಕ್ಕದಲ್ಲಿ ಮಾತ್ರ ಇಬ್ಬರೂ ಕೊಟ್ಟದ್ದು 365 ದಿನ.

ಇಬ್ಬರೂ ಒಂದೇ ಟೆಂಟಿನಲ್ಲಿ ಮಲಗಲಿ, ಒಬ್ಬರ ಬದುಕು ಇನ್ನೊಬ್ಬರಿಗೆ ತಿಳಿಯಲಿ ಎಂಬ ವಾದ ನನಗೂ ಹಿಡಿಸುತ್ತದೆ. ಸೆಕ್ಯುರಿಟಿ ಗೇಟಿನೊಳಗೆ ಬೆಳೆದು, ಇನ್ನೊಂದು ಗೇಟಿನೊಳಗೆ ಕೆಲಸಕ್ಕೆ ಹೋಗುವ ಮಕ್ಕಳ ಊರು ನಮ್ಮ ಬೆಂಗಳೂರು. ಆದರೆ ಕರೆಸಿಕೊಂಡವರಿಗೆ ಕೆಲಸ ಎಲ್ಲಿದೆ? ಹಿಂದಿನ ಕಡ್ಡಾಯಗಳೂ ನಿಲ್ಲಲಿಲ್ಲ: ಚೀನಾ ಯುದ್ಧದ ಬಿಸಿಯಲ್ಲಿ 1963ರಲ್ಲಿ ಕಾಲೇಜು ಹುಡುಗರಿಗೆ ಎನ್‌ಸಿಸಿ ಕಡ್ಡಾಯವಾಯಿತು, 1968ರಲ್ಲಿ ಮತ್ತೆ ಐಚ್ಛಿಕವಾಯಿತು. ನಮ್ಮ ರಾಜ್ಯವೇ 2012ರ ಕಾಯ್ದೆಯಲ್ಲಿ ವೈದ್ಯಕೀಯ ಓದಿದವರೆಲ್ಲ ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕೆಂದಿತು, ತಪ್ಪಿದರೆ ಲಕ್ಷಗಟ್ಟಲೆ ದಂಡ ಎಂದಿತು. ಕೊನೆಗೆ 2023ರಲ್ಲಿ, ಖಾಲಿ ಹುದ್ದೆ ಇದ್ದಷ್ಟು ಜನ ಸಾಕು ಎಂದು ತಿದ್ದುಪಡಿ ತರಬೇಕಾಯಿತು. ಹಳ್ಳಿಗಳು ಹಾದಿ ಕಾಯುವ ವೈದ್ಯರಿಗೇ ಜಾಗ ಹೊಂದಿಸಲಾಗದಿದ್ದರೆ, ಉಳಿದ ಲಕ್ಷಾಂತರ ಹುಡುಗ ಹುಡುಗಿಯರ ಕೈಗೆ ಪೊರಕೆ ಕೊಟ್ಟು ಕೆರೆ ದಂಡೆಯಲ್ಲಿ ಫೋಟೊ ತೆಗೆಸುವುದೇ ಆಗುತ್ತದೆ.

ಬಲವಂತ ಬೇಕಾಗಿಯೇ ಇಲ್ಲ ಎಂದೂ ನನಗನಿಸುತ್ತದೆ. 2022ರ ಅಗ್ನಿಪಥ ನೇಮಕಾತಿ ಯೋಜನೆಯಲ್ಲಿ ನಾಲ್ಕು ವರ್ಷದ ಬಳಿಕ ಸೇನೆಯಲ್ಲಿ ಉಳಿಯುವವರು ಶೇ 25ರಷ್ಟು ಮಾತ್ರ. ಆದರೂ ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿಯ ಪ್ಯಾಕೇಜ್ ಎಂದಾಗ ರ‍್ಯಾಲಿಗಳಲ್ಲಿ ಓಡಲು ಹುಡುಗರು ಬಂದೇ ಬಂದರು. ಇಷ್ಟರ ಮೇಲೂ ಕಡ್ಡಾಯವೇ ಆಗಬೇಕೆಂದರೆ, ಸೇವೆ ಮುಗಿಸಿ ಬಂದವನಿಗೆ ಅದೇ ಲೇತು, ಅದೇ ಸಂಬಳ ಸಿಗಬೇಕೆಂದು ಮೊದಲ ಕಲಮಿನಲ್ಲೇ ಬರೆಯಲಿ. ಕಾಂಟ್ರ್ಯಾಕ್ಟರು ಸಹಿ ಹಾಕುತ್ತಾನೋ ನೋಡೋಣ.