ಶಾಕಪ್ ಹೋಗಿದ್ದಲ್ಲ, ಬಾಲ್ ಜಾಯಿಂಟ್

ಮಾನ್ವಿಯಿಂದ ರಾಯಚೂರಿಗೆ ಅಪ್ಪ ಹತ್ತಿ ಹೇರುವ ಪಿಕಪ್, ಹಂಪ್ ಬಂದಾಗೆಲ್ಲ ಮುಂದಿನ ಎಡಗಾಲಿಯಲ್ಲಿ ‘ಟಕ್’ ಅನ್ನುತ್ತಿತ್ತು. ಒಂದು ಗ್ಯಾರೇಜಿನವರು ಎರಡೂ ಶಾಕಪ್ ಬದಲಿಸಿದರು. ದುಡ್ಡು ಹೋಯ್ತು, ಸದ್ದು ಹೋಗಲಿಲ್ಲ.

ದೇವದುರ್ಗಕ್ಕೆ ಬಾಡಿಗೆ ಹೋದಾಗ ಅಲ್ಲಿನ ಮೇಸ್ತ್ರಿ ಚಾಚಾ ಜಾಕ್ ಹಚ್ಚಿ, ಗಾಲಿಯ ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿದರು. ಪ್ಲೇ ಇತ್ತು. ನನಗೆ ಬ್ರೇಕ್ ತುಳಿಯಲು ಹೇಳಿದರು. ಆಗಲೂ ಇತ್ತು.

‘ಬೇರಿಂಗ್ ಆಗಿದ್ರ ಈಗ ನಿಲ್ತಿತ್ತು ತಮ್ಮಾ. ಇದು ಬಾಲ್ ಜಾಯಿಂಟ್. ಲೋಡಿನಾಗ ಕಳಚಿದ್ರ ಗಾಲಿನೇ ಮಡಚಿಕೊಳ್ತದ.’

ಅಪ್ಪ ಮಾತಾಡಲಿಲ್ಲ.

ಎಡ-ಬಲ ಹಿಡಿದಾಗ ಆಡಿದರೆ ಮೊದಲು ಟೈ ರಾಡ್ ಎಂಡ್ ನೋಡಬೇಕಂತೆ. 70-80ರ ವೇಗದಲ್ಲಿ ಸ್ಟೀರಿಂಗ್ ನಡುಗುವುದು ಬೇರೆ ಕತೆ. ಹೆಚ್ಚಾಗಿ ಅದು ವೀಲ್ ಬ್ಯಾಲೆನ್ಸಿಂಗ್.

ಹೊಸ ಜಾಯಿಂಟ್ ಹಾಕಿಸಿ ಹೊರಟೆವು. ಮೊದಲ ಹಂಪಿನಲ್ಲೇ ಅಪ್ಪ ಹಾಡು ಬಂದ್ ಮಾಡಿ ಕಿವಿಗೊಟ್ಟರು.