ಬೀಗವಿಲ್ಲದ ಬೆಸುಗೆ

ಒಲಿದವರಿಬ್ಬರು ತಮ್ಮ ಹೆಸರು ಬರೆದ ಬೀಗವನ್ನು ಸೇತುವೆಯ ಕಂಬಿಗೆ ಹಾಕಿ, ಬೀಗದ ಕೈಯನ್ನು ಹೊಳೆಗೆ ಎಸೆಯುವ ರೂಢಿ ಹಲವು ದೇಶಗಳಲ್ಲಿ ಹಬ್ಬಿದೆ. ಪ್ಯಾರಿಸ್ ನಗರದ ಒಂದು ಸೇತುವೆಯ ಕಟಕಟೆಯ ಭಾಗವು ಇಂತಹ ಬೀಗಗಳ ಭಾರದಿಂದ 2014ರಲ್ಲಿ ಕುಸಿಯಿತು. ಮರುವರ್ಷ ಸುಮಾರು 45 ಟನ್ ಬೀಗಗಳನ್ನು ಅಲ್ಲಿಂದ ತೆಗೆಸಬೇಕಾಯಿತು. ಒಲವಿಗೊಂದು ಗುರುತು ಬೇಕೆನ್ನುವುದು ಸಹಜವೇ. ಆದರೆ ಇಬ್ಬರ ಗುರುತು ಎಲ್ಲರ ದಾರಿಗೆ ಹೊರೆಯಾಗುವುದು ಉಚಿತವಲ್ಲ.

ನಮ್ಮ ನಾಡಿನಲ್ಲಿ ಹರಕೆ ಹೊತ್ತವರು ಗುಡಿಯ ಮರಕ್ಕೋ ದರ್ಗಾದ ಜಾಲರಿಗೋ ದಾರ ಕಟ್ಟುವರು. ದಾರ ಸವೆದರೂ ನಂಬಿಕೆ ಸವೆಯದು. ಕೂಡಿ ಬಾಳುವ ಬಗೆಯನ್ನು ಕಲಬುರಗಿ ಸೀಮೆಯ ನದಿಗಳೂ ತೋರುತ್ತವೆ. ಆಳಂದ ತಾಲೂಕಿನಲ್ಲಿ ಹುಟ್ಟುವ ಅಮರ್ಜಾ ನದಿಯು ಅಫಜಲಪುರ ತಾಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಸೇರಿ, ಒಂದೇ ಹೊಳೆಯಾಗಿ ಜೇವರ್ಗಿಯತ್ತ ಸಾಗುತ್ತದೆ. ಆ ಸಂಗಮಕ್ಕೆ ಬೀಗವಿಲ್ಲ. ಬಾಳಿನ ಬೆಸುಗೆಯನ್ನು ಕಾಯುವುದು ಕಬ್ಬಿಣವಲ್ಲ, ದಿನದಿನದ ನಡತೆ.