ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರೆಲ್ಲ ನಾಯಕರಲ್ಲ

ನಮ್ಮ ವ್ಯಾಪಾರಸ್ಥರಲ್ಲಿ ಇತ್ತೀಚೆಗೆ ನಾಯಕತ್ವ ಕಲಿಯುವ ಹಂಬಲ ಹೆಚ್ಚಿದೆ. ವ್ಯಕ್ತಿತ್ವ ವಿಕಸನದ ಶಿಬಿರಗಳಿಗೆ ಹೋಗುತ್ತಾರೆ, ಯಶಸ್ವಿ ಉದ್ಯಮಿಗಳ ಭಾಷಣಗಳನ್ನು ಮೊಬೈಲಿನಲ್ಲಿ ಕೇಳುತ್ತಾರೆ. ಕಲಿಯುವುದು ತಪ್ಪಲ್ಲ. ಆದರೆ ಬೀದರ್ ನಗರದ ಬಟ್ಟೆಯಂಗಡಿಯಲ್ಲಿ ದಿನವಿಡೀ ನಿಂತೇ ಇರುವ ಹುಡುಗನನ್ನು, ಭಾಲ್ಕಿಯ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಹಮಾಲನನ್ನು, ಔರಾದ್‌ನ ಅಡತಿಯಲ್ಲಿ ತೊಗರಿ, ಸೋಯಾಬೀನ್ ತೂಗುವ ಗುಮಾಸ್ತನನ್ನು ಒಮ್ಮೆ ಕೇಳಿ ನೋಡಿ: ನಿಮ್ಮ ಮಾಲೀಕರು ಎಂಥವರು? ಶಿಬಿರದ ಪ್ರಮಾಣಪತ್ರಕ್ಕಿಂತ ಆ ಉತ್ತರಕ್ಕೇ ತೂಕ ಹೆಚ್ಚು.

ನಮ್ಮಲ್ಲೊಂದು ವಿಚಿತ್ರ ಲೆಕ್ಕಾಚಾರ ಬೇರೂರಿದೆ. ರಮಝಾನಿನಲ್ಲಿ ಅದ್ದೂರಿ ಇಫ್ತಾರ್ ಏರ್ಪಡಿಸುತ್ತೇವೆ. ಮಸೀದಿಗೆ ಫ್ಯಾನು, ಕಾರ್ಪೆಟ್ಟು ಕೊಡಿಸುತ್ತೇವೆ. ಅದೇ ತಿಂಗಳು ನೌಕರನು ಸಂಬಳ ಕೇಳಿದರೆ "ಹಬ್ಬ ಮುಗಿಯಲಿ, ನೋಡೋಣ" ಎನ್ನುತ್ತೇವೆ. ಐಚ್ಛಿಕ ದಾನವು ಪುಣ್ಯಕಾರ್ಯವೇ ಹೌದು. ಆದರೆ ದುಡಿದವನ ಕೂಲಿ ಸಾಲ, ಅದನ್ನು ತೀರಿಸುವುದು ಕಡ್ಡಾಯ. ಆ ಸಾಲವನ್ನು ಉಳಿಸಿಕೊಂಡು ದಾನ ಮಾಡುವವನು ತನ್ನ ಕಿಸೆಯಿಂದ ಕೊಡುತ್ತಿಲ್ಲ, ನೌಕರನ ಕಿಸೆಯಿಂದ ಕೊಡುತ್ತಿದ್ದಾನೆ. ಕೆಲಸಗಾರನ ಬೆವರು ಆರುವ ಮುನ್ನವೇ ಕೂಲಿ ಕೊಡಬೇಕೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಪೂರ್ತಿ ಕೆಲಸ ಮಾಡಿಸಿಕೊಂಡು ಕೂಲಿ ಕೊಡದವನಿಗೆ ಅಂತ್ಯದಿನದಂದು ಸ್ವತಃ ಅಲ್ಲಾಹನೇ ಎದುರಾಳಿಯಾಗುವನೆಂಬ ಎಚ್ಚರಿಕೆ ಬುಖಾರಿಯ ಹದೀಸ್ ಸಂಗ್ರಹದಲ್ಲಿದೆ. ಆ ನ್ಯಾಯಾಲಯದಲ್ಲಿ ಯಾವ ವಕೀಲನನ್ನು ನೇಮಿಸೋಣ?

"ನೌಕರರು ನಮ್ಮ ಮನೆಯವರಿದ್ದಂತೆ" ಎಂಬ ಮಾತು ನಮ್ಮ ಬಾಯಲ್ಲಿ ಸದಾ ಸಿದ್ಧವಾಗಿರುತ್ತದೆ. ವಿಪರ್ಯಾಸವೆಂದರೆ ರಾತ್ರಿ ಎರಡು ಗಂಟೆ ಹೆಚ್ಚು ದುಡಿಸುವಾಗ ಮಾತ್ರ ಅದು ನೆನಪಾಗುತ್ತದೆ. ವಾರಕ್ಕೊಂದು ರಜೆ ಕೇಳಿದರೆ ಅದೇ ಮನೆಯವನು ಪರಕೀಯನಾಗಿಬಿಡುತ್ತಾನೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಆ ರಜೆಯನ್ನು ಹಕ್ಕೆಂದು ಹೇಳಿದೆ. ದೇಶದ ಕಾನೂನು ಕೊಟ್ಟ ಕನಿಷ್ಠ ಹಕ್ಕನ್ನೂ ಕೊಡದವನು ಇಸ್ಲಾಮ್ ಬಯಸುವ ಔದಾರ್ಯದ ಬಗ್ಗೆ ಮಾತನಾಡುವುದಾದರೂ ಹೇಗೆ?

ಅಬೂದರ್(ರ)ರವರು ಒಮ್ಮೆ ಒಬ್ಬರನ್ನು ಅವರ ತಾಯಿಯ ಹೆಸರೆತ್ತಿ ಹೀಯಾಳಿಸಿದರು. ಅವರಲ್ಲಿ ಇನ್ನೂ ಅಜ್ಞಾನಕಾಲದ ಗುಣ ಉಳಿದಿದೆಯೆಂದು ಪ್ರವಾದಿ(ಸ)ರು ಮುಖಕ್ಕೆ ಹೇಳಿದರು. ಸೇವಕರು ನಿಮ್ಮ ಸಹೋದರರು, ನೀವು ಉಣ್ಣುವುದನ್ನೇ ಉಣಿಸಿ, ಉಡುವುದನ್ನೇ ಉಡಿಸಿ, ಶಕ್ತಿಮೀರಿದ ಕೆಲಸ ಹೊರಿಸಬೇಡಿ, ಹೊರಿಸಿದರೆ ನೀವೂ ಕೈಜೋಡಿಸಿ ಎಂದು ತಿದ್ದಿದರು. ಆ ಬಳಿಕ ಅಬೂದರ್(ರ)ರವರು ತಾವು ಧರಿಸಿದಂಥ ಉಡುಪನ್ನೇ ತಮ್ಮ ಸೇವಕನಿಗೂ ಧರಿಸಿದರು. ತಪ್ಪನ್ನು ಒಪ್ಪಿಕೊಂಡು, ಬದುಕಿಡೀ ಎಲ್ಲರ ಕಣ್ಣಿಗೆ ಕಾಣುವಂತೆ ತಿದ್ದಿಕೊಳ್ಳುವುದು: ನಾಯಕತ್ವ ಕಲಿಯುವುದೆಂದರೆ ಇದೇ. ಗಿರಾಕಿಗಳ ಮುಂದೆ ಹುಡುಗನನ್ನು ಬೈದು, ತಪ್ಪು ತನ್ನದೆಂದು ಆಮೇಲೆ ತಿಳಿದರೂ ಸುಮ್ಮನಾಗುವ ನಾವು ಯಾವ ಪಾಠ ಕಲಿತಿದ್ದೇವೆ?

"ಕೆಲಸಗಾರರೇ ಸರಿಯಿಲ್ಲ, ಮುಂಗಡ ಪಡೆದು ಹೈದರಾಬಾದಿಗೋ ಪುಣೆಗೋ ಹೊರಟುಹೋಗುತ್ತಾರೆ" ಎಂಬ ಆಕ್ಷೇಪವಿದೆ. ಅದರಲ್ಲಿ ಸತ್ಯಾಂಶವೂ ಇದೆ. ಒಪ್ಪಿಕೊಂಡ ಕೆಲಸ ನೌಕರನ ಪಾಲಿಗೂ ಅಮಾನತ್ತೇ, ಅದಕ್ಕೆ ದ್ರೋಹ ಬಗೆದರೆ ಅವನೂ ಉತ್ತರದಾಯಿ. ಆದರೆ ಒಬ್ಬನ ಮೋಸವು ಇನ್ನೊಬ್ಬನ ಕೂಲಿ ತಡೆಹಿಡಿಯಲು ಪರವಾನಗಿಯಲ್ಲ. ಹುಟ್ಟಿದೂರು, ಹೆತ್ತವರನ್ನು ಬಿಟ್ಟು ಪರನಗರದ ಬಾಡಿಗೆ ಕೋಣೆಯಲ್ಲಿ ಮಲಗಲು ಯಾರೂ ಹಂಬಲಿಸುವುದಿಲ್ಲ. ಹೋದವನನ್ನು ದೂರುವ ಮುನ್ನ, ಅವನು ಉಳಿಯುವಂಥದ್ದು ನಮ್ಮಲ್ಲಿ ಏನಿತ್ತೆಂದು ಕೇಳಿಕೊಳ್ಳಬೇಕು.

ಮಾದರಿಗಾಗಿ ನಾವು ದೂರದ ಕಂಪೆನಿಗಳತ್ತ ನೋಡುತ್ತೇವೆ. ಆದರೆ ನಮ್ಮ ಊರಲ್ಲೇ ಮಹಮೂದ್ ಗವಾನ್‌ರ ಮದರಸಾ ನಿಂತಿದೆ. ಇರಾನಿನ ಗೀಲಾನ್ ಪ್ರಾಂತ್ಯದ ಆ ವ್ಯಾಪಾರಿ 1453ರಲ್ಲಿ ಬೀದರಿಗೆ ಬಂದು, ಬಹಮನಿ ರಾಜ್ಯದ ಪ್ರಧಾನಮಂತ್ರಿಯಾದರು. 1472ರಲ್ಲಿ ಮದರಸಾ ಕಟ್ಟಿಸಿದರು. ನಕಲಿ ಪತ್ರವೊಂದರ ಪಿತೂರಿಗೆ ಬಲಿಯಾಗಿ 1481ರಲ್ಲಿ ಮರಣದಂಡನೆಗೆ ಗುರಿಯಾದರು. ಅವರ ಸ್ವಂತ ಖರ್ಚು ವ್ಯಾಪಾರದ ಆದಾಯದಿಂದಲೇ ನಡೆಯುತ್ತಿತ್ತು, ಜಹಗೀರಿನ ಉತ್ಪನ್ನ ಸೈನಿಕರಿಗೂ ಬಡವರಿಗೂ ಸಲ್ಲುತ್ತಿತ್ತು ಎಂದು ಇತಿಹಾಸಕಾರ ಫರಿಶ್ತಾ ದಾಖಲಿಸಿದ್ದಾನೆ. ರಾಜ್ಯದ ಬೊಕ್ಕಸ ಕೈಯಲ್ಲಿದ್ದೂ ತನ್ನದೆಷ್ಟು, ಪರರದೆಷ್ಟು ಎಂಬ ಗೆರೆಯನ್ನು ಅವರು ದಾಟಲಿಲ್ಲ. ಒಂದು ಗಲ್ಲಾಪೆಟ್ಟಿಗೆ ಕೈಗೆ ಬಂದೊಡನೆ ನಾವು ಆ ಗೆರೆಯನ್ನೇ ಅಳಿಸಿಬಿಡುತ್ತೇವೆ.

ನಮ್ಮ ಬಿದ್ರಿ ಕಲೆಯೂ ಇದನ್ನೇ ಹೇಳುತ್ತದೆ. ಸತು, ತಾಮ್ರಗಳ ಎರಕ ಹೊಯ್ಯಬೇಕು, ಉಜ್ಜಬೇಕು, ಚಿತ್ತಾರ ಕೊರೆಯಬೇಕು, ಬೆಳ್ಳಿಯ ತಂತಿ ಕೂರಿಸಬೇಕು, ಕೋಟೆಯ ಮಣ್ಣಿನ ದ್ರಾವಣದಲ್ಲಿ ಕಪ್ಪಾಗಿಸಬೇಕು. ಹೂಜಿಯೊಂದು ಹಲವು ಕೈಗಳನ್ನು ದಾಟಿಯೇ ಹೊಳೆಯುತ್ತದೆ. ಅಂಗಡಿಯ ಫಲಕದ ಮೇಲಿರುವುದು ಮಾತ್ರ ಒಂದೇ ಹೆಸರು.

ಇಂದು ರಾತ್ರಿ ಅಂಗಡಿಯ ಬಾಗಿಲು ಎಳೆಯುವ ಮುನ್ನ ಲೆಕ್ಕದ ಪುಸ್ತಕ ತೆರೆಯೋಣ. ಯಾರ ಸಂಬಳ ಬಾಕಿಯಿದೆ? ಯಾರನ್ನು ಅನ್ಯಾಯವಾಗಿ ಬೈದೆವು? ಬಾಕಿ ತೀರಿಸೋಣ, ಕ್ಷಮೆ ಕೇಳೋಣ. ಪ್ರತಿಯೊಬ್ಬನೂ ತನ್ನ ಅಧೀನದಲ್ಲಿರುವವರ ಬಗ್ಗೆ ವಿಚಾರಣೆಗೊಳಗಾಗುವನೆಂದು ಪ್ರವಾದಿ(ಸ)ರು ಎಚ್ಚರಿಸಿದ್ದಾರೆ. ಆ ದಿನ ನಮ್ಮ ಪುಸ್ತಕವನ್ನು ಬೇರೊಬ್ಬನು ತೆರೆಯಲಿದ್ದಾನೆ. ಅದಕ್ಕೆ ಮೊದಲು ನಾವೇ ತೆರೆಯುವುದು ಲೇಸು.